ಬ್ಯಾಟರಿ ಬಾಳಿಕೆಯ ಸಂಖ್ಯಾಶಾಸ್ತ್ರೀಯ ನಿರ್ಣಯ

ಬ್ಯಾಟರಿಗಳು ಎಷ್ಟು ಕಾಲ ಕೆಲಸಕ್ಕೆ ಬರುತ್ತವೆ ಎಂಬುದನ್ನು ಕೆಲವೇ ಮಾದರಿಗಳ ಅಳತೆಯಿಂದ ಅಂದಾಜು ಮಾಡುವ, ಎರಡು ಬಗೆಯ ಬ್ಯಾಟರಿಗಳಲ್ಲಿ ಯಾವುದು ಹೆಚ್ಚು ಬಾಳುತ್ತದೆಂದು ತೀರ್ಮಾನಿಸುವ ವಿಧಾನ. ಒಂದೇ ದಿನ, ಒಂದೇ ಯಂತ್ರದಿಂದ ಹೊರಬಂದ ಎರಡು ಸೆಲ್ಲುಗಳ ಆಯುಸ್ಸು ಕೂಡ ಒಂದೇ ಇರುವುದಿಲ್ಲ. ಲೇಪನದ ದಪ್ಪ, ವಿದ್ಯುದ್ವಿಭಾಜ್ಯದ ಪ್ರಮಾಣ, ಬೆಸುಗೆಯ ಗಟ್ಟಿತನ ಇವುಗಳಲ್ಲಿನ ಸಣ್ಣ ವ್ಯತ್ಯಾಸಗಳು ಕಾಲ ಕಳೆದಂತೆ ದೊಡ್ಡವಾಗುತ್ತವೆ. ಬಾಳಿಕೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳಿದರೆ ಅರ್ಧ ಮಾತಷ್ಟೇ ಹೇಳಿದಂತೆ. ಆ ಸಂಖ್ಯೆಯ ಸುತ್ತಲಿನ ಹರಹು ಎಷ್ಟು, ಅದನ್ನು ಯಾವುದರ ಜೊತೆ ಹೋಲಿಸಲಾಗಿದೆ ಎಂಬುದು ಉಳಿದರ್ಧ.

ಅಳೆಯುವುದು ಏನನ್ನು

ಟಾರ್ಚು, ಗೋಡೆ ಗಡಿಯಾರಗಳಲ್ಲಿ ಬಳಸುವ, ಮತ್ತೆ ಚಾರ್ಜು ಮಾಡಲಾಗದ ಸೆಲ್ಲುಗಳನ್ನು ಗೊತ್ತಾದ ರೋಧಕದ ಮೂಲಕ ಖಾಲಿ ಮಾಡುತ್ತ, ವೋಲ್ಟೇಜು ನಿಗದಿತ ಮಟ್ಟಕ್ಕೆ ಇಳಿಯುವವರೆಗೆ ಹಿಡಿದ ಗಂಟೆಗಳನ್ನು ಎಣಿಸಲಾಗುತ್ತದೆ. ಚಾರ್ಜು ಮಾಡಬಹುದಾದ ಬ್ಯಾಟರಿಗಳಲ್ಲಿ ತುಂಬಿಸಿ ಖಾಲಿ ಮಾಡುವ ಆವರ್ತಗಳನ್ನು ಎಣಿಸುತ್ತಾರೆ. ಧಾರಣಶಕ್ತಿ ಮೊದಲಿನ ಶೇ. 80ಕ್ಕೆ ಇಳಿದಾಗ ಆಯುಸ್ಸು ಮುಗಿಯಿತೆಂದು ಲೆಕ್ಕ ಹಿಡಿಯುವುದು ವಾಡಿಕೆ. ಇದು ಪ್ರಕೃತಿ ಹಾಕಿದ ಗೆರೆಯಲ್ಲ, ಒಪ್ಪಂದದ ಗೆರೆ, ಶೇ. 70 ಎಂದು ಇಟ್ಟುಕೊಂಡರೆ ಅದೇ ಬ್ಯಾಟರಿ ಕಾಗದದ ಮೇಲೆ ಇನ್ನಷ್ಟು ಕಾಲ ಬಾಳುತ್ತದೆ. ಬಳಸದೆ ಇಟ್ಟರೂ ಬ್ಯಾಟರಿ ಸವೆಯುವುದರಿಂದ ಕಪಾಟಿನ ಆಯುಸ್ಸನ್ನು ಬೇರೆಯಾಗಿ ಅಳೆಯಬೇಕಾಗುತ್ತದೆ.

ಪರಿಸ್ಥಿತಿಯನ್ನು ತಿಳಿಸದ ಅಳತೆಯಿಂದ ಹೆಚ್ಚು ಪ್ರಯೋಜನವಿಲ್ಲ. ಸೀಸ-ಆಮ್ಲ ಬ್ಯಾಟರಿಯನ್ನು ಬೇಗ ಖಾಲಿ ಮಾಡಿದಷ್ಟೂ ಅದರಿಂದ ಸಿಗುವ ಒಟ್ಟು ಆಂಪಿಯರ್-ಗಂಟೆಗಳು ಕಡಿಮೆಯಾಗುತ್ತವೆ ಎಂಬುದನ್ನು ವಿಲ್ಹೆಲ್ಮ್ ಪಾಯ್ಕರ್ಟ್ 1897ರಲ್ಲಿಯೇ ಸೂತ್ರದಲ್ಲಿ ಹಿಡಿದಿದ್ದ. ಉಷ್ಣತೆಯ ಪ್ರಭಾವವೂ ದೊಡ್ಡದು. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸವೆತದ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ನಿಯಮ ಬಳಕೆಯಲ್ಲಿದೆ, ಆದರೆ ಎಲ್ಲ ರಸಾಯನಗಳಿಗೂ ಅದು ಸಮನಾಗಿ ಹೊಂದುವುದಿಲ್ಲ.

ಎರಡು ಬಗೆಯ ಏರುಪೇರುಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದೇ ಸೆಲ್ಲನ್ನು ಮತ್ತೆ ಮತ್ತೆ ಅಳೆದಾಗ ಕಾಣುವುದು ಉಪಕರಣದ ಮತ್ತು ಅಳೆಯುವ ಕೈಯ ಏರುಪೇರು. ಬೇರೆ ಬೇರೆ ಸೆಲ್ಲುಗಳನ್ನು ಅಳೆದಾಗ ಅದರ ಜೊತೆಗೆ ಸೆಲ್ಲಿನಿಂದ ಸೆಲ್ಲಿಗೆ ಇರುವ ವ್ಯತ್ಯಾಸವೂ ಸೇರುತ್ತದೆ. ಒಂದು ಸೆಲ್ಲನ್ನು ಮೂವತ್ತು ಸಲ ಅಳೆದವನ ಬಳಿ ಇರುವುದು ಮೂವತ್ತು ಮಾದರಿಗಳಲ್ಲ, ಒಂದೇ ಮಾದರಿ. ಬಾಳಿಕೆಯ ವರದಿಗಳಲ್ಲಿ ಈ ತಪ್ಪು ಅಪರೂಪವೇನಲ್ಲ.

ಸರಾಸರಿ, ಹರಹು, ಹೋಲಿಕೆ

ಒಂದು ಕಲ್ಪಿತ ಉದಾಹರಣೆ. ಎರಡು ಬಗೆಯ ಎಎ ಗಾತ್ರದ ಕ್ಷಾರೀಯ ಸೆಲ್ಲುಗಳನ್ನು ತಲಾ ಆರರಂತೆ ತೆಗೆದುಕೊಂಡು, 10 ಓಮ್ ರೋಧಕಕ್ಕೆ ಜೋಡಿಸಿ, 0.9 ವೋಲ್ಟಿಗೆ ಇಳಿಯುವವರೆಗಿನ ಗಂಟೆಗಳನ್ನು ಬರೆದುಕೊಂಡರು ಎನ್ನೋಣ.

ಕ: 18.2, 19.1, 17.6, 18.8, 18.4, 17.9
ಖ: 18.9, 20.3, 17.8, 19.6, 18.1, 19.7

ಕ ಗುಂಪಿನ ಸರಾಸರಿ 18.33 ಗಂಟೆ, ಖ ಗುಂಪಿನದು 19.07. ವ್ಯತ್ಯಾಸ 44 ನಿಮಿಷ. ‘ಶೇ. 4ರಷ್ಟು ಹೆಚ್ಚು ಬಾಳಿಕೆ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಲು ಮಾರುವವನಿಗೆ ಇಷ್ಟೇ ಸಾಕು. ಆದರೆ ಖ ಗುಂಪಿನ 17.8 ಮತ್ತು 18.1 ಗಂಟೆಯ ಸೆಲ್ಲುಗಳು ಕ ಗುಂಪಿನ ಸರಾಸರಿಯನ್ನೂ ಮುಟ್ಟಿಲ್ಲ. ಪ್ರತಿ ಅಳತೆಯೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿಸಿ, ಮಾದರಿಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ, ಅಂದರೆ ಇಲ್ಲಿ 5ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮಾನಕ ವಿಚಲನೆ ಸಿಗುತ್ತದೆ: ಕ ಗುಂಪಿಗೆ 0.56 ಗಂಟೆ, ಖ ಗುಂಪಿಗೆ 0.98. ಈ ಎರಡು ವಿಚಲನೆಗಳಿಂದ ಲೆಕ್ಕ ಹಾಕಿದ, ಸರಾಸರಿಗಳ ವ್ಯತ್ಯಾಸದ ಮಾನಕ ದೋಷ 0.46 ಗಂಟೆ. ವ್ಯತ್ಯಾಸವನ್ನು ಈ ದೋಷದಿಂದ ಭಾಗಿಸಿದಾಗ ಬರುವ ಟಿ ಮೌಲ್ಯ ಸುಮಾರು 1.6. ಇಷ್ಟು ಸಣ್ಣ ಮಾದರಿಯಲ್ಲಿ, ಶೇ. 5ರ ವಾಡಿಕೆಯ ಮಟ್ಟದಲ್ಲಿ ಅದು 2.3ನ್ನು ದಾಟಬೇಕಿತ್ತು. ಶೇ. 95ರ ವಿಶ್ವಾಸಾಂತರವಾಗಿ ಹೇಳುವುದಾದರೆ, ಖ ಬಗೆಯ ಸೆಲ್ಲು 20 ನಿಮಿಷ ಕಡಿಮೆ ಬಾಳುವುದರಿಂದ ಹಿಡಿದು 1 ಗಂಟೆ 47 ನಿಮಿಷ ಹೆಚ್ಚು ಬಾಳುವವರೆಗೆ ಯಾವುದಕ್ಕೂ ಈ ಅಳತೆಗಳ ವಿರೋಧವಿಲ್ಲ.

ಇದರಿಂದ ‘ಎರಡೂ ಸಮ’ ಎಂದು ಸಾಬೀತಾಗುವುದಿಲ್ಲ. ಆರು ಸೆಲ್ಲುಗಳಿಂದ ಇತ್ಯರ್ಥವಾಗಲಿಲ್ಲ ಎಂದಷ್ಟೇ ತಿಳಿಯುತ್ತದೆ. ಈ ಹರಹಿನಲ್ಲಿ 44 ನಿಮಿಷದ ನಿಜವಾದ ವ್ಯತ್ಯಾಸ ಐದರಲ್ಲಿ ನಾಲ್ಕು ಸಲವಾದರೂ ಕಣ್ಣಿಗೆ ಬೀಳಬೇಕಾದರೆ ಗುಂಪಿಗೆ ಸುಮಾರು 20 ಸೆಲ್ಲು ಬೇಕು. ಖ ಗುಂಪಿನ ಹರಹು ದೊಡ್ಡದಾಗಿ ಕಾಣುವುದನ್ನೂ ಗಮನಿಸಬೇಕು. ಮೂರು ನಾಲ್ಕು ಸೆಲ್ಲು ಒಟ್ಟಿಗೆ ಹಾಕುವ ಉಪಕರಣಕ್ಕೆ, ಸರಾಸರಿ ಕೊಂಚ ಕಡಿಮೆಯಾದರೂ ಹರಹು ಕಿರಿದಾಗಿರುವ ಬಗೆಯೇ ಮೇಲಾಗಬಹುದು.

ಸಣ್ಣ ಮಾದರಿಗಳ ಈ ಲೆಕ್ಕದ ಮೂಲ ಬಿಯರ್ ಕಾರ್ಖಾನೆಯಲ್ಲಿದೆ. ಡಬ್ಲಿನ್ನಿನ ಗಿನ್ನೆಸ್ ಸಂಸ್ಥೆಯಲ್ಲಿ ರಸಾಯನತಜ್ಞನಾಗಿದ್ದ ವಿಲಿಯಂ ಸೀಲಿ ಗಾಸೆಟ್, ಕೆಲವೇ ಅಳತೆಗಳಿಂದ ತೀರ್ಮಾನಕ್ಕೆ ಬರಬೇಕಾದ ಇಕ್ಕಟ್ಟಿನಲ್ಲಿ ಇದನ್ನು ರೂಪಿಸಿ, 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಬಯೊಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟಿಸಿದ. ಬ್ಯಾಟರಿಯನ್ನು ಪರೀಕ್ಷಿಸುವುದೆಂದರೆ ಅದನ್ನು ಸವೆಸಿ ಮುಗಿಸುವುದೇ ಆದ್ದರಿಂದ ಮಾದರಿಗಳು ಇಲ್ಲಿ ಯಾವಾಗಲೂ ತುಟ್ಟಿ. ಗಾಸೆಟ್ಟನ ಇಕ್ಕಟ್ಟು ಬ್ಯಾಟರಿ ಪ್ರಯೋಗಾಲಯದ ಇಕ್ಕಟ್ಟೂ ಹೌದು.

ಎಡಿ-ಎಕ್ಸ್2 ವಿವಾದ

ಹೋಲಿಕೆಯ ಪ್ರಶ್ನೆ ಪ್ರಯೋಗಾಲಯದಿಂದ ರಾಜಕೀಯದ ಅಂಗಳಕ್ಕೆ ಬಂದ ಪ್ರಸಿದ್ಧ ಪ್ರಕರಣ ಅಮೆರಿಕದ್ದು. ಕ್ಯಾಲಿಫೋರ್ನಿಯದ ಓಕ್‌ಲೆಂಡಿನ ಜೆಸ್ ರಿಚಿ ಎಂಬಾತ 1940ರ ದಶಕದ ಕೊನೆಯಲ್ಲಿ ಎಡಿ-ಎಕ್ಸ್2 ಎಂಬ ಪುಡಿಯನ್ನು ಮಾರಾಟಕ್ಕೆ ತಂದ. ಸತ್ತಂತಿದ್ದ ಸೀಸ-ಆಮ್ಲ ಬ್ಯಾಟರಿಗೆ ಇದನ್ನು ಹಾಕಿದರೆ ಜೀವ ಬರುತ್ತದೆ, ಆಯುಸ್ಸು ಹೆಚ್ಚುತ್ತದೆ ಎಂಬುದು ಆತನ ವಾದ. ಪುಡಿಯಲ್ಲಿದ್ದುದು ಮುಖ್ಯವಾಗಿ ಸೋಡಿಯಂ ಮತ್ತು ಮೆಗ್ನೀಸಿಯಂ ಸಲ್ಫೇಟ್, ಅಂದರೆ ಭೇದಿ ಉಪ್ಪಿನ ಜಾತಿಯ ಲವಣಗಳು. ಇಂಥ ಬೆರಕೆಗಳಿಂದ ಉಪಯೋಗವಿಲ್ಲವೆಂದು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯಾದ ನ್ಯಾಷನಲ್ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್ ಹಿಂದಿನಿಂದಲೂ ಹೇಳುತ್ತ ಬಂದಿತ್ತು. ತನ್ನ ಪುಡಿ ಅವುಗಳಿಗಿಂತ ಬೇರೆ ಎಂದು ಹಟ ಹಿಡಿದ ರಿಚಿ, ಬಳಸಿದವರ ಮೆಚ್ಚುಗೆಯ ಪತ್ರಗಳನ್ನು ಗುಡ್ಡೆ ಹಾಕಿ, ಸೆನೆಟರುಗಳ ಮೂಲಕ ಒತ್ತಡ ತಂದ.

ಆ ಪತ್ರಗಳನ್ನು ಬರೆದವರೆಲ್ಲ ಸುಳ್ಳು ಹೇಳಿದರೆಂದು ಭಾವಿಸಬೇಕಿಲ್ಲ. ಲಾರಿ ಮಾಲೀಕನೊಬ್ಬ ಪುಡಿ ಹಾಕುವುದು ಬ್ಯಾಟರಿ ತೀರಾ ಕೂತುಹೋದ ದಿನ. ಪುಡಿ ಹಾಕಿದ ಮೇಲೆ ಅದನ್ನು ನಿಧಾನವಾಗಿ, ಬಹಳ ಹೊತ್ತು ಚಾರ್ಜಿಗೆ ಇಡುತ್ತಾನೆ. ಫಲಕಗಳ ಮೇಲೆ ಗಟ್ಟಿಯಾಗಿ ಕೂತ ಸೀಸದ ಸಲ್ಫೇಟ್ ಅಂಥ ನಿಧಾನ ಚಾರ್ಜಿನಿಂದಲೇ ಒಂದಿಷ್ಟು ಕರಗುತ್ತದೆ. ಮರುದಿನ ಬೆಳಿಗ್ಗೆ ಲಾರಿ ಸ್ಟಾರ್ಟ್ ಆದರೆ ಹೆಸರು ಪುಡಿಗೆ. ಅತಿ ಕೆಟ್ಟ ಸ್ಥಿತಿಯಲ್ಲಿದ್ದಾಗ ಆರಿಸಿಕೊಂಡ ವಸ್ತುವಿನ ಮುಂದಿನ ಅಳತೆ ಏನೂ ಮಾಡದಿದ್ದರೂ ಸರಾಸರಿಯತ್ತ ವಾಲುತ್ತದೆ. ಫ್ರಾನ್ಸಿಸ್ ಗಾಲ್ಟನ್ 19ನೆಯ ಶತಮಾನದಲ್ಲೇ ಗುರುತಿಸಿದ್ದ ಪರಿಣಾಮ ಇದು. ಪುಡಿ ಹಾಕಿದ ಸಾವಿರ ಬ್ಯಾಟರಿಗಳ ಕಥೆಗೆ ಬೆಲೆ ಬರಬೇಕಾದರೆ, ಪುಡಿ ಹಾಕದೆ ಅದೇ ರೀತಿ ಚಾರ್ಜು ಮಾಡಿದ ಬ್ಯಾಟರಿಗಳು ಪಕ್ಕದಲ್ಲಿರಬೇಕು; ಯಾವುದಕ್ಕೆ ಪುಡಿ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿರಬೇಕು; ಅಳೆಯುವವನಿಗೆ ಅದು ತಿಳಿದಿರಬಾರದು.

ಇಂಥ ಪ್ರಯೋಗವಿನ್ಯಾಸದಲ್ಲಿ ಬ್ಯೂರೊಗೆ ಆಗಲೇ ಪರಿಣತಿಯಿತ್ತು. ಚರ್ಚಿಲ್ ಐಸೆನ್‌ಹಾರ್ಟ್ ಅಲ್ಲಿನ ಸಂಖ್ಯಾಶಾಸ್ತ್ರೀಯ ಎಂಜಿನಿಯರಿಂಗ್ ಪ್ರಯೋಗಾಲಯದ ಮುಖ್ಯಸ್ಥನಾಗಿದ್ದ. ಪ್ರಯೋಗವಿನ್ಯಾಸಕ್ಕೆ ಹೆಸರಾದ ಡಬ್ಲ್ಯು. ಜೆ. ಯೂಡನ್ 1948ರಲ್ಲಿ ಬ್ಯೂರೊ ಸೇರಿದ್ದ. 1952ರಲ್ಲಿ ನಡೆದ ಪರೀಕ್ಷೆಗಳಲ್ಲಿ ಪುಡಿ ಹಾಕಿದ ಮತ್ತು ಹಾಕದ ಬ್ಯಾಟರಿಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲವೆಂದು ಬ್ಯೂರೊ ತಿಳಿಸಿತು. ಅದೇ ವರ್ಷದ ಕೊನೆಯಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ಇನ್ನೊಂದು ಪರೀಕ್ಷೆಯನ್ನು ರಿಚಿಯ ಬೆಂಬಲಿಗರು ತಮ್ಮ ಪರವಾಗಿ ಓದಿಕೊಂಡರು.

1953ರ ಜನವರಿಯಲ್ಲಿ ಐಸೆನ್‌ಹೋವರ್ ಅಧ್ಯಕ್ಷನಾಗಿ ಅಧಿಕಾರಕ್ಕೆ ಬಂದಾಗ ವಾಣಿಜ್ಯ ಕಾರ್ಯದರ್ಶಿಯಾದ ಸಿಂಕ್ಲೇರ್ ವೀಕ್ಸ್, ಬ್ಯೂರೊದವರು ಮಾರುಕಟ್ಟೆಯ ಅನುಭವವನ್ನು ಕಡೆಗಣಿಸಿದ್ದಾರೆಂದು ಭಾವಿಸಿ, ಮಾರ್ಚ್ ತಿಂಗಳಲ್ಲಿ ನಿರ್ದೇಶಕ ಅಲೆನ್ ಆಸ್ಟಿನ್‌ನ ರಾಜೀನಾಮೆ ಕೇಳಿದ. ವಿಜ್ಞಾನಿಗಳು ಸಿಡಿದೆದ್ದರು, ಬ್ಯೂರೊದ ಅನೇಕರು ತಾವೂ ಹೊರಡುವುದಾಗಿ ಹೇಳಿದರು. ಏಪ್ರಿಲಿನಲ್ಲಿ ವೀಕ್ಸ್ ಹಿಂದೆ ಸರಿದ. ಆಗಸ್ಟಿನಲ್ಲಿ ಆಸ್ಟಿನ್ ಕಾಯಂ ಆಗಿ ಹುದ್ದೆಯಲ್ಲಿ ಉಳಿದು, 1969ರವರೆಗೂ ನಿರ್ದೇಶಕನಾಗಿದ್ದ. ನ್ಯಾಷನಲ್ ಅಕಾಡೆಮಿ ಆಫ್ ಸೈನ್ಸಸ್ ನೇಮಿಸಿದ ಜೇ ಜೆಫ್ರೀಸ್ ಸಮಿತಿ 1953ರ ಅಂತ್ಯದ ಹೊತ್ತಿಗೆ ಬ್ಯೂರೊದ ಕೆಲಸ ಸರಿಯೆಂದೂ ಪುಡಿಯಲ್ಲಿ ಹುರುಳಿಲ್ಲವೆಂದೂ ವರದಿ ಕೊಟ್ಟಿತು. ಆದರೂ ಪುಡಿಯ ಮಾರಾಟ ಅಲ್ಲಿಗೇ ನಿಲ್ಲಲಿಲ್ಲ.

ಪ್ರಕರಣವನ್ನು ಸಾಮಾನ್ಯವಾಗಿ ವಿಜ್ಞಾನದ ಸ್ವಾತಂತ್ರ್ಯದ ಕಥೆಯಾಗಿ ಹೇಳಲಾಗುತ್ತದೆ. ಬಾಳಿಕೆ ಪರೀಕ್ಷೆಯ ದೃಷ್ಟಿಯಿಂದ ಅದರ ಮಹತ್ವ ಬೇರೆ: ಅನುಭವದ ಸಂಖ್ಯೆ ಎಷ್ಟೇ ಬೆಳೆದರೂ ಅದು ಹೋಲಿಕೆಯ ಗುಂಪಿನ ಜಾಗವನ್ನು ತುಂಬಲಾರದು.

ಆಯುಸ್ಸಿನ ವಿತರಣೆ

ಆಯುಸ್ಸುಗಳು ಸಾಮಾನ್ಯವಾಗಿ ಸರಾಸರಿಯ ಎರಡು ಬದಿಗೂ ಸಮನಾಗಿ ಹರಡಿರುವುದಿಲ್ಲ. ಸ್ವೀಡನ್ನಿನ ವಾಲೋಡಿ ವೈಬುಲ್ 1951ರಲ್ಲಿ ಜನಪ್ರಿಯಗೊಳಿಸಿದ ವಿತರಣೆ ಇಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ಆಕಾರ ಸೂಚಕ 1ಕ್ಕಿಂತ ಕಡಿಮೆಯಿದ್ದರೆ ತಯಾರಿಕೆಯ ದೋಷದಿಂದ ಬೇಗ ಕೆಡುವ ಸೆಲ್ಲುಗಳಿವೆ ಎಂದೂ, 1ಕ್ಕಿಂತ ಹೆಚ್ಚಿದ್ದರೆ ಸವೆತದಿಂದ ಕೆಡುತ್ತಿವೆ ಎಂದೂ ಓದಿಕೊಳ್ಳಬಹುದು. ಪರೀಕ್ಷೆಯನ್ನು 500 ಆವರ್ತಗಳಿಗೆ ನಿಲ್ಲಿಸಿದಾಗ ಹತ್ತರಲ್ಲಿ ಏಳು ಸೆಲ್ಲು ಇನ್ನೂ ಬದುಕಿದ್ದರೆ, ಆ ಏಳನ್ನು ಬಿಟ್ಟು ಲೆಕ್ಕ ಹಾಕುವುದೂ ತಪ್ಪು, 500ಕ್ಕೇ ಸತ್ತವೆಂದು ಬರೆಯುವುದೂ ತಪ್ಪು. ‘500ನ್ನು ದಾಟಿವೆ’ ಎಂಬ ಮಾಹಿತಿಯನ್ನು ಇದ್ದಂತೆಯೇ ಬಳಸುವ ವಿಧಾನವನ್ನು ಕ್ಯಾಪ್ಲನ್ ಮತ್ತು ಮೇಯರ್ 1958ರಲ್ಲಿ ಕೊಟ್ಟರು.

ಬದುಕುಳಿದವುಗಳನ್ನಷ್ಟೇ ನೋಡುವುದೂ ದಾರಿ ತಪ್ಪಿಸುತ್ತದೆ. ಆಕ್ಸ್‌ಫರ್ಡಿನ ಕ್ಲಾರೆಂಡನ್ ಪ್ರಯೋಗಾಲಯದಲ್ಲಿ ಒಣ ಕೋಶಗಳ ಕಂಬಗಳಿಂದ ನಡೆಯುವ ವಿದ್ಯುತ್ ಗಂಟೆಯೊಂದು 1840ರಿಂದ ಹೆಚ್ಚುಕಡಿಮೆ ನಿಲ್ಲದೆ ಬಡಿದುಕೊಳ್ಳುತ್ತಿದೆ. ಅಪರೂಪದ ವಸ್ತುವೇನೋ ಸರಿ. ಆದರೆ ಆ ಕಾಲದ ಒಣ ಕೋಶಗಳು ಸಾಮಾನ್ಯವಾಗಿ ಎಷ್ಟು ಬಾಳುತ್ತಿದ್ದವು ಎಂಬುದಕ್ಕೆ ಅದು ಸಾಕ್ಷಿಯಾಗದು.

ಲಿಥಿಯಂ ಬ್ಯಾಟರಿಗಳು

ಈ ಕ್ಷೇತ್ರದ ಈಚಿನ ಕೆಲಸದಲ್ಲಿ ಎರಡನ್ನು ಹೆಸರಿಸಬಹುದು. ಹ್ಯಾರಿಸ್ ಮತ್ತು ಸಂಗಡಿಗರು 2017ರಲ್ಲಿ ಒಂದೇ ಬಗೆಯ 24 ಸೆಲ್ಲುಗಳ ವೈಫಲ್ಯದ ಅಂಕಿಅಂಶಗಳನ್ನು ಪ್ರಕಟಿಸಿದರು. ಸೆವರ್ಸನ್ ಮತ್ತು ಸಂಗಡಿಗರು 2019ರಲ್ಲಿ 124 ಲಿಥಿಯಂ ಕಬ್ಬಿಣ ಫಾಸ್ಫೇಟ್ ಸೆಲ್ಲುಗಳನ್ನು ಬೇರೆ ಬೇರೆ ವೇಗದ ಚಾರ್ಜಿನಲ್ಲಿ ಸವೆಸಿದಾಗ ಆಯುಸ್ಸು 150ರಿಂದ 2,300 ಆವರ್ತಗಳವರೆಗೆ ಹರಡಿತ್ತು. ಮೊದಲ 100 ಆವರ್ತಗಳ ಅಳತೆಯಿಂದಲೇ ಅದನ್ನು ಸುಮಾರು ಶೇ. 9ರ ದೋಷದಲ್ಲಿ ಮುಂಗಾಣಲು ಸಾಧ್ಯವಾಯಿತು. ಬೇರೆ ರಸಾಯನಗಳಿಗೂ ರಸ್ತೆಯ ಮೇಲಿನ ಬಳಕೆಗೂ ಇದನ್ನು ಹಾಗೆಯೇ ಅನ್ವಯಿಸುವುದು ಅವಸರದ ಮಾತಾದೀತು.

ಸರಣಿ ಜೋಡಣೆ

ಸರಣಿಯಲ್ಲಿ ಜೋಡಿಸಿದ ಸೆಲ್ಲುಗಳಲ್ಲಿ ಅತ್ಯಂತ ದುರ್ಬಲವಾದದ್ದೇ ಒಟ್ಟಿನ ಆಯುಸ್ಸನ್ನು ತೀರ್ಮಾನಿಸುತ್ತದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ಪ್ರತಿಯೊಂದರಲ್ಲೂ ಮೂರು ಸೆಲ್ಲು. ಸರಣಿಯಲ್ಲಿ ಒಟ್ಟು 24. ಗೊತ್ತಾದ ಅವಧಿಯವರೆಗೆ ಒಂದು ಸೆಲ್ಲು ಉಳಿಯುವ ಸಂಭಾವ್ಯತೆ 0.98 ಎಂದು ಊಹಿಸಿಕೊಂಡರೆ, 24ಕ್ಕೆ 24 ಸೆಲ್ಲುಗಳೂ ಉಳಿಯುವ ಸಂಭಾವ್ಯತೆ 0.62ಕ್ಕೆ ಇಳಿಯುತ್ತದೆ. ಒಂದರ ಕೇಡು ಇನ್ನೊಂದನ್ನು ತಟ್ಟುವುದಿಲ್ಲವೆಂಬ ಊಹೆ ಈ ಲೆಕ್ಕದಲ್ಲಿದೆ; ಒಂದೇ ಸೀಟಿನಡಿಯ ಬಿಸಿಯನ್ನು ಹಂಚಿಕೊಳ್ಳುವ ಸೆಲ್ಲುಗಳಿಗೆ ಅದು ಪೂರ್ತಿ ಹೊಂದುವುದಿಲ್ಲ. ಮನೆಯ ಯುಪಿಎಸ್‌ಗೂ ಸೌರ ದೀಪದ ಬ್ಯಾಟರಿ ಸಾಲಿಗೂ ಇದೇ ಲೆಕ್ಕ. ಹಳೆಯ ಸಾಲಿನಲ್ಲಿ ಕೆಟ್ಟ ಒಂದನ್ನಷ್ಟೇ ಬದಲಿಸಿದಾಗ ಕೆಲವೇ ತಿಂಗಳಲ್ಲಿ ಮತ್ತೊಂದು ಕೈಕೊಟ್ಟರೆ ಅದು ಹೊಸ ಬ್ಯಾಟರಿಯ ತಪ್ಪಾಗಿರಬೇಕೆಂದಿಲ್ಲ. ಉಳಿದವು ಎಲ್ಲವೂ ಅಷ್ಟೇ ಹಳೆಯವು.