ಕೀಲಿಮಣೆಯ ಕನ್ನಡ

ತೊಂಬತ್ತರ ದಶಕದ ಡಿಟಿಪಿ ಅಂಗಡಿಗಳಿಗೆ ಒಂದು ಪೀಡೆಯಿತ್ತು. ಇಲ್ಲಿ ಟೈಪಿಸಿದ ಲಗ್ನಪತ್ರಿಕೆಯನ್ನು ಫ್ಲಾಪಿಯಲ್ಲಿ ಒಯ್ದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲವೆಂದರೆ ಕನ್ನಡವೂ ಇಲ್ಲ.

ಟೈಪಿಸುವುದೇ ಇನ್ನೊಂದು ಕಷ್ಟ. ಅದನ್ನು ನೀಗಿದವರಲ್ಲಿ ಮೊದಲು ನೆನೆಯಬೇಕಾದವರು ಕೆ.ಪಿ. ರಾವ್. ಅವರ ವಿನ್ಯಾಸದಲ್ಲಿ ಬಹುಮಟ್ಟಿಗೆ ಉಚ್ಚಾರಣೆಗೆ ಹೊಂದುವ ಕೀಲಿ ಒತ್ತಿದರೆ ವ್ಯಂಜನ ಬರುತ್ತದೆ. ‘ಎಫ್’ ಒತ್ತಿದರೆ ಒತ್ತಕ್ಷರ ಕೂಡುತ್ತದೆ. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದೇ ಕೀಲಿ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇದೇ ಜಾಡಿನಲ್ಲಿ ಸಾಗಿ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಹೊರತಂದ ‘ಬರಹ’ದ ದಾರಿ ಬೇರೆ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡವನ್ನು ಹೇಗೆ ಬರೆಯುತ್ತೇವೋ ಹಾಗೇ ಒತ್ತುವುದು, ಅಷ್ಟೆ. ಕೀಲಿ ಹೆಚ್ಚು ಸವೆದರೂ ಕಲಿಯುವ ಗೋಜು ಕಡಿಮೆ. ಬಹುಕಾಲ ಉಚಿತವಾಗಿ ಸಿಕ್ಕಿದ್ದೂ ಅದರ ಜನಪ್ರಿಯತೆಗೆ ಕಾರಣವಿರಬೇಕು.

ಫಾಂಟಿನ ಪೀಡೆಗೆ ಮದ್ದು ಯೂನಿಕೋಡ್: ಫಾಂಟ್ ಯಾವುದಾದರೂ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ವ್ಯವಸ್ಥೆ. 1991ರಲ್ಲೇ ಅದರಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೆ ಹಳೆಯ ಕಡತಗಳ ರಾಶಿಯನ್ನು ಯೂನಿಕೋಡ್‌ಗೆ ಬದಲಿಸಲು ಪರಿವರ್ತಕಗಳೆಂಬ ಪುಟ್ಟ ತಂತ್ರಾಂಶಗಳು ಬೇಕಾದವು. ಅವುಗಳನ್ನು ಹೆಚ್ಚು ಗೋಳಾಡಿಸಿದ್ದು ಅರ್ಕಾವತ್ತು: ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ, ಯೂನಿಕೋಡ್‌ನಲ್ಲಿ ಮೊದಲು.