ಗೇಮ್ ಜ್ಯಾಮ್ ಆಟಗಳಿಗೆ ಆಟಗಾರರ ಪ್ರತಿಕ್ರಿಯೆ

ಗೇಮ್ ಜ್ಯಾಮ್ ಎಂಬುದು ನಿಗದಿತ ಅಲ್ಪಾವಧಿಯಲ್ಲಿ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ, ಒಂದು ವಿಡಿಯೊ ಆಟವನ್ನು ರಚಿಸಿ ಮುಗಿಸುವ ಕೂಟ ಅಥವಾ ಸ್ಪರ್ಧೆ. ಅಲ್ಲಿ ಸಿದ್ಧವಾದ ಆಟವನ್ನು ಆಡಿದವರು ತಿಳಿಸುವ ಅನುಭವ, ಆಕ್ಷೇಪ ಹಾಗೂ ಸಲಹೆಗಳೇ ಆಟಗಾರರ ಪ್ರತಿಕ್ರಿಯೆ. ಪರೀಕ್ಷಕರನ್ನು ನೇಮಿಸಿಕೊಳ್ಳಲು ಹಣವಿಲ್ಲದ ಸ್ವತಂತ್ರ ರಚನಕಾರರಿಗೆ ತಮ್ಮ ಕೃತಿಯ ಗುಣದೋಷಗಳನ್ನು ಅರಿಯಲು ಇದು ಮುಖ್ಯ ಸಾಧನ. ಇಂತಹ ಕೂಟಗಳಲ್ಲಿ ಹೆಚ್ಚಾಗಿ ಕಂಡುಬರುವ ಪ್ರಕಾರಗಳಲ್ಲಿ ಪ್ಲಾಟ್‌ಫಾರ್ಮರ್ ಒಂದು. ಪಾತ್ರವನ್ನು ಓಡಿಸುತ್ತ, ಕಟ್ಟೆಯಿಂದ ಕಟ್ಟೆಗೆ ಜಿಗಿಸುತ್ತ ಗುರಿ ಮುಟ್ಟಿಸುವುದು ಇದರ ಲಕ್ಷಣ. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಇದರ ಪ್ರಸಿದ್ಧ ಉದಾಹರಣೆ.

ಹಿನ್ನೆಲೆ

2002ರಲ್ಲಿ ಆರಂಭವಾದ ಲುಡಮ್ ಡೇರ್ ಹಳೆಯ ಗೇಮ್ ಜ್ಯಾಮ್‌ಗಳಲ್ಲೊಂದು. ಒಬ್ಬರೇ ರಚಿಸುವ ಆಟಕ್ಕೆ 48 ಗಂಟೆ, ತಂಡಗಳಿಗೆ 72 ಗಂಟೆ ಎಂಬುದು ಅದರ ಪದ್ಧತಿ. ಅವಧಿ ಮುಗಿದ ಮೇಲೆ ಸ್ಪರ್ಧಿಗಳೇ ಪರಸ್ಪರರ ಆಟಗಳನ್ನು ಆಡಿ ವಿನೋದ, ಹೊಸತನ, ಚಿತ್ರ, ಧ್ವನಿ ಮುಂತಾದ ಅಂಶಗಳಿಗೆ ಅಂಕ ನೀಡುತ್ತಾರೆ, ಅಭಿಪ್ರಾಯ ಬರೆಯುತ್ತಾರೆ. ಗ್ಲೋಬಲ್ ಗೇಮ್ ಜ್ಯಾಮ್ 2009ರಲ್ಲಿ ಮೊದಲ ಬಾರಿಗೆ ನಡೆಯಿತು.

ಪ್ರತಿಕ್ರಿಯೆಯ ಸ್ವರೂಪ

ಕುಂಟೆಬಿಲ್ಲೆಯಲ್ಲಿ ಗೆರೆ ತುಳಿದವರಿಗೆ ತಾವು ಸೋತದ್ದೇಕೆ ಎಂಬುದು ಕಣ್ಣಿಗೇ ಕಾಣುತ್ತದೆ. ಪ್ಲಾಟ್‌ಫಾರ್ಮರ್‌ನಲ್ಲಿ ಕಾರಣ ಕಾಣದಿದ್ದಾಗ ಆಟಗಾರ ಅದನ್ನು ಅನ್ಯಾಯವೆಂದು ಭಾವಿಸುತ್ತಾನೆ. “ಗುಂಡಿ ಒತ್ತಿದರೂ ಜಿಗಿಯಲಿಲ್ಲ” ಎಂಬ ದೂರಿನಲ್ಲಿ ಹಲವು ವೇಳೆ ತಾಂತ್ರಿಕ ದೋಷವಿರುವುದಿಲ್ಲ. ಪಾತ್ರ ಅಂಚನ್ನು ದಾಟಿದ ಮರುಕ್ಷಣದಲ್ಲಿ ಗುಂಡಿ ಒತ್ತಲಾಗಿರುತ್ತದೆ. ಇದಕ್ಕೆ ಪರಿಹಾರವಾಗಿ, ಅಂಚು ದಾಟಿದ ಬಳಿಕವೂ ಸೆಕೆಂಡಿನ ಸಣ್ಣ ಭಾಗದಷ್ಟು ಕಾಲ ಜಿಗಿತಕ್ಕೆ ಅವಕಾಶ ಕೊಡಲಾಗುತ್ತದೆ. ಇದಕ್ಕೆ ‘ಕಯೋಟಿ ಟೈಮ್’ ಎಂಬ ಹೆಸರಿದೆ. ನೆಲ ಮುಟ್ಟುವ ಮುನ್ನವೇ ಒತ್ತಿದ ಗುಂಡಿಯನ್ನು ನೆನಪಿಟ್ಟುಕೊಂಡು, ಮುಟ್ಟಿದೊಡನೆ ಜಿಗಿಸುವುದು ‘ಜಂಪ್ ಬಫರಿಂಗ್’.

ಆದ್ದರಿಂದ “ಆಟ ಚೆನ್ನಾಗಿಲ್ಲ” ಎಂಬ ತೀರ್ಪಿಗಿಂತ, ಎಲ್ಲಿ, ಏನು ಮಾಡಲು ಹೋದಾಗ, ಎಷ್ಟು ಸಲ ಸೋತೆ ಎಂಬ ವಿವರ ರಚನಕಾರನಿಗೆ ಹೆಚ್ಚು ಉಪಯುಕ್ತ. ತನ್ನ ಆಟವನ್ನು ನೂರಾರು ಸಲ ಆಡಿ ಪಳಗಿದವನಿಗೆ ಅದರ ಕಾಠಿಣ್ಯ ತಿಳಿಯುವುದಿಲ್ಲ. ಹೊಸಬರ ಸೋಲೇ ಅದನ್ನು ತೋರಿಸಿಕೊಡಬೇಕು.

ಸೆಲೆಸ್ಟ್

ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ 2015ರಲ್ಲಿ ಗೇಮ್ ಜ್ಯಾಮ್ ಒಂದರಲ್ಲಿ ನಾಲ್ಕು ದಿನಗಳಲ್ಲಿ ‘ಸೆಲೆಸ್ಟ್’ ಎಂಬ ಪರ್ವತಾರೋಹಣದ ಪುಟ್ಟ ಪ್ಲಾಟ್‌ಫಾರ್ಮರ್ ರಚಿಸಿದರು. ಅದರ ವಿಸ್ತೃತ ರೂಪ 2018ರ ಜನವರಿ 25ರಂದು ಬಿಡುಗಡೆಯಾಗಿ, ಆ ವರ್ಷದ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಸ್ವತಂತ್ರ ಆಟವೆಂಬ ಪ್ರಶಸ್ತಿ ಪಡೆಯಿತು. ಆಟ ಕಠಿಣವಾದುದರಿಂದ ವೇಗ ತಗ್ಗಿಸಿಕೊಳ್ಳುವ, ಪೆಟ್ಟು ತಾಗದಂತೆ ಮಾಡಿಕೊಳ್ಳುವ ‘ಅಸಿಸ್ಟ್ ಮೋಡ್’ ಅದರಲ್ಲಿದೆ. ಮೊದಲ ಆವೃತ್ತಿಯ ವಿವರಣೆಯು, ಈ ಸೌಲಭ್ಯವಿಲ್ಲದೆ ಆಡುವುದೇ ರಚನಕಾರರ ಉದ್ದೇಶಕ್ಕೆ ಹತ್ತಿರವೆಂಬ ಧ್ವನಿಯಲ್ಲಿತ್ತು. ಅಂಗವೈಕಲ್ಯದ ಕಾರಣ ಇದನ್ನು ಅವಲಂಬಿಸುವವರು ಕೀಳಾಗಿ ಆಡುತ್ತಿರುವಂತೆ ಅದು ತೋರಿಸುತ್ತದೆಂಬ ಟೀಕೆ ಬಂದ ಮೇಲೆ, 2019ರಲ್ಲಿ ಆ ವಾಕ್ಯಗಳನ್ನು ಬದಲಿಸಲಾಯಿತು. ಆಟದ ನಿಯಮಗಳು ಹಾಗೆಯೇ ಉಳಿದವು. ಆಟಗಾರನನ್ನು ಕಾಣುವ ರೀತಿ ಬದಲಾಯಿತು.

ಕರ್ನಾಟಕ ಮತ್ತು ಕನ್ನಡ

ಭಾರತದ ಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕಾಗಿ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿ ಪ್ರಕಟಿಸಿತು.

ಕನ್ನಡದಲ್ಲಿ ಆಟ ರಚಿಸುವವರಿಗೆ ಕನ್ನಡ ಓದಬಲ್ಲ ಆಟಗಾರರ ಪ್ರತಿಕ್ರಿಯೆ ಇನ್ನೊಂದು ಕಾರಣದಿಂದ ಅಗತ್ಯ. ಸಂಕೀರ್ಣ ಲಿಪಿಗಳನ್ನು ಬೆಂಬಲಿಸದ ತಂತ್ರಾಂಶದಲ್ಲಿ ಒತ್ತಕ್ಷರಗಳು ಒಡೆಯುತ್ತವೆ. ‘ಅಕ್ಕ’ ಎಂಬುದು ‘ಅಕ್‌ಕ’ ಎಂದು ಮೂಡುತ್ತದೆ. 2023ರಲ್ಲಿ ಬಂದ ಗೊಡೊ 4 ಎಂಬ ಮುಕ್ತ ತಂತ್ರಾಂಶ ಇಂತಹ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಆದರೂ ಪರದೆಯ ಮೇಲೆ ಮೂಡಿದ ಅಕ್ಷರ ಸರಿಯೇ ಎಂದು ಹೇಳಬಲ್ಲವರು ಅದನ್ನು ಓದುವವರೇ.