ಮೆಮೋರಿಯಲ್ ಕಪ್: ತರುಣರಿಗೆ ಒಪ್ಪಿಸಿದ ಸ್ಮಾರಕ

ಮಡಿದ ಶೂರನ ರೂಪವನ್ನು ಶಿಲೆಯಲ್ಲಿ ಕಂಡರಿಸಿ ಊರಮುಂದೆ ನಿಲ್ಲಿಸುವ ವೀರಗಲ್ಲಿನ ಪದ್ಧತಿಯನ್ನು ಬಲ್ಲ ನಮಗೆ, ರಣದಲ್ಲಿ ಅಳಿದವರ ಸ್ಮರಣೆಯನ್ನು ಒಂದು ಕ್ರೀಡೆಯ ಪಾರಿತೋಷಕಕ್ಕೆ ಒಪ್ಪಿಸಿದ ಕೆನಡಾ ದೇಶದವರ ನಡೆ ಮೊದಲ ನೋಟಕ್ಕೆ ವಿಚಿತ್ರವಾಗಿ ತೋರಬಹುದು. ಆದರೆ ಆ ದೇಶದ ತರುಣರ ಐಸ್ ಹಾಕಿ ಪಂದ್ಯಾವಳಿಯ ಚರಿತ್ರೆಯನ್ನು ಅರಿತವರಿಗೆ ಅದರ ಔಚಿತ್ಯ ತಾನಾಗಿಯೇ ಮನದಟ್ಟಾಗುವುದು.

ಚಳಿಗಾಲದಲ್ಲಿ ಕೆರೆಕೊಳಗಳೆಲ್ಲ ಹೆಪ್ಪುಗಟ್ಟುವ ಆ ನಾಡಿನಲ್ಲಿ, ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ತೊಟ್ಟು, ಬಾಗಿದ ಕೋಲಿನಿಂದ ರಬ್ಬರಿನ ಬಿಲ್ಲೆಯನ್ನು ಅಟ್ಟಿಕೊಂಡು ಹೋಗುವ ಈ ಆಟ ಬಾಲ್ಯದಿಂದಲೇ ಮೈಗೂಡುವಂಥದು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಕ್ರೀಡಾಂಗಣವನ್ನು ತೊರೆದು ರಣಾಂಗಣಕ್ಕೆ ತೆರಳಿದವರಲ್ಲಿ ಹಾಕಿ ಆಟಗಾರರೂ ಅನೇಕರಿದ್ದರು. ಒಂಟಾರಿಯೊ ಪ್ರಾಂತದ ಕಿಂಗ್‌ಸ್ಟನ್ನಿನಲ್ಲಿ ಬೆಳೆದ ಸ್ಕಾಟಿ ಡೇವಿಡ್‌ಸನ್, ಟೊರಾಂಟೊ ತಂಡದ ನಾಯಕನಾಗಿ 1914ರಲ್ಲಿ ಸ್ಟ್ಯಾನ್ಲಿ ಕಪ್ಪನ್ನು ಗೆದ್ದವನು, ಮರುವರ್ಷವೇ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಹತನಾದನು. ಅದೇ ನಗರದ ಜಾರ್ಜ್ ರಿಚರ್ಡ್‌ಸನ್ 1916ರಲ್ಲಿ ಅಸುನೀಗಿದನು. ಇವರೂ ಸೇರಿ ಕೆನಡಾ ಕಳೆದುಕೊಂಡ ಯೋಧರ ಸಂಖ್ಯೆ 60,000ಕ್ಕೂ ಮೇಲ್ಪಟ್ಟಿತ್ತು. ಈ ಇಬ್ಬರನ್ನೂ ಬಲ್ಲವನಾಗಿದ್ದು, ಯುದ್ಧಕಾಲದಲ್ಲಿ ಕೆನಡಾದ ಹವ್ಯಾಸಿ ಹಾಕಿ ಸಂಘದ ಅಧ್ಯಕ್ಷನೂ ಆಗಿದ್ದ ಕಿಂಗ್‌ಸ್ಟನ್ನಿನ ಕ್ಯಾಪ್ಟನ್ ಜೇಮ್ಸ್ ಸದರ್‌ಲೆಂಡ್, ಮಡಿದ ಆಟಗಾರ-ಯೋಧರ ಹೆಸರಿನಲ್ಲಿ ದೇಶದ ಕಿರಿಯರಿಗಾಗಿ ಒಂದು ಚಾಂಪಿಯನ್‌ಷಿಪ್ಪು ನಡೆಯಬೇಕೆಂದು ಸೂಚಿಸಿದನು. ಒಂಟಾರಿಯೊ ಹಾಕಿ ಸಂಘ 1919ರಲ್ಲಿ ಪಾರಿತೋಷಕವನ್ನು ದಾನವಿತ್ತಿತು. ಹೀಗೆ ಹುಟ್ಟಿದುದು ಮೆಮೋರಿಯಲ್ ಕಪ್.

ಆ ವರ್ಷವೇ ಟೊರಾಂಟೊದಲ್ಲಿ ಜರುಗಿದ ಪ್ರಥಮ ಅಂತಿಮ ಸ್ಪರ್ಧೆಯಲ್ಲಿ, ಎರಡು ಪಂದ್ಯಗಳ ಒಟ್ಟು ಗೋಲುಗಳ ಲೆಕ್ಕದಂತೆ, ಯೂನಿವರ್ಸಿಟಿ ಆಫ್ ಟೊರಾಂಟೊ ಸ್ಕೂಲ್ಸ್ ತಂಡ ರೆಜೈನಾ ಪ್ಯಾಟ್ರೀಷಿಯಾ ತಂಡವನ್ನು 29–8ರಿಂದ ಸೋಲಿಸಿತು. ಸೋತ ತಂಡದ ಹೆಸರು ಪ್ರಿನ್ಸೆಸ್ ಪ್ಯಾಟ್ರೀಷಿಯಾಳ ಹೆಸರಿನ ಕಾಲ್ದಳದಿಂದ ಬಂದುದು. ರಣದ ನೆನಪು ಕಪ್ಪಿನಲ್ಲಿದ್ದಂತೆ ಆಡುವವರ ಹೆಸರಿನಲ್ಲಿಯೂ ಇದ್ದಿತು.

ಮುಂದೆ ಅರ್ಧ ಶತಮಾನಕ್ಕೂ ಮಿಗಿಲಾಗಿ ಪೂರ್ವದ ವಿಜೇತರೂ ಪಶ್ಚಿಮದ ವಿಜೇತರೂ ವರ್ಷಕ್ಕೊಮ್ಮೆ ಎದುರುಬದುರಾಗುವುದು ರೂಢಿಯಾಯಿತು. ಸಾವಿರಾರು ಮೈಲಿಗಳ ಅಂತರದಲ್ಲಿದ್ದ ಊರುಗಳ ಹುಡುಗರು ಒಬ್ಬರನ್ನೊಬ್ಬರು ಕಂಡುದು ಈ ನೆಪದಿಂದಲೇ. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿಯೂ ಸ್ಪರ್ಧೆ ನಿಲ್ಲಲಿಲ್ಲ. ಆದರೆ ಕಿರಿಯರ ಹಾಕಿ ವೃತ್ತಿಪರ ಆಟಕ್ಕೆ ಹೆದ್ದಾರಿಯಾದಂತೆ 1970ರಲ್ಲಿ ತಂಡಗಳು ಎರಡು ಶ್ರೇಣಿಗಳಾಗಿ ಒಡೆದುವು. ಕೆಳಶ್ರೇಣಿಗೆ ಸೇರಿದ ಚಿಕ್ಕ ಊರುಗಳ ತಂಡಗಳಿಗೆ ಬೇರೊಂದು ಕಪ್ ದೊರೆತು, ಮೆಮೋರಿಯಲ್ ಕಪ್ಪಿನ ಬಾಗಿಲು ಮುಚ್ಚಿತು. ಇಡೀ ದೇಶದ ಶೋಕದಿಂದ ಹುಟ್ಟಿದ ಸ್ಪರ್ಧೆ ಕೆಲವೇ ತಂಡಗಳ ಸೊತ್ತಾದುದು ನನಗೆ ಇಂದಿಗೂ ಖೇದಕರವಾಗಿ ತೋರುತ್ತದೆ.

1972ರಲ್ಲಿ ಪಶ್ಚಿಮ, ಒಂಟಾರಿಯೊ, ಕ್ವಿಬೆಕ್ ಲೀಗುಗಳ ವಿಜೇತರು ಒಂದೇ ನಗರದಲ್ಲಿ ಸೇರಿ ಆಡುವ ಕ್ರಮ ಬಂದಿತು. ಒಟ್ಟಾವದಲ್ಲಿ ನಡೆದ ಆ ಪಂದ್ಯಾವಳಿಯನ್ನು ಕಾರ್ನ್‌ವಾಲ್ ರಾಯಲ್ಸ್ ಗೆದ್ದಿತು. 1983ರಿಂದ ಆತಿಥೇಯ ತಂಡಕ್ಕೂ ಸ್ಥಾನವಿತ್ತುದರಿಂದ, ತನ್ನ ಲೀಗನ್ನು ಗೆಲ್ಲದ ಅಮೆರಿಕದ ಪೋರ್ಟ್‌ಲೆಂಡ್ ತಂಡ ಅದೇ ವರ್ಷ ಕಪ್ಪನ್ನು ಎತ್ತಿತು. ಸ್ಮಾರಕ ಬರಿಯ ಉತ್ಸವವಾಗಿಬಿಡುವ ಅಪಾಯ ಇಂಥಲ್ಲಿಯೇ ಇರುವುದು. ಆದುದರಿಂದ 2010ರಲ್ಲಿ ಕಪ್ಪನ್ನು ಸೇವೆಯಲ್ಲಿ ಪ್ರಾಣವಿತ್ತ ಕೆನಡಾದ ಸಮಸ್ತ ಯೋಧರಿಗೆ ಪುನಃ ಅರ್ಪಿಸಿದುದನ್ನು ನಾನು ಮುಖ್ಯವೆಂದು ಬಗೆಯುತ್ತೇನೆ. 2018ರ ನೂರನೆಯ ಪಂದ್ಯಾವಳಿಯನ್ನು, ಮೊದಲ ವರ್ಷ ಸೋತ ರೆಜೈನಾದಲ್ಲಿಯೇ ನಡೆಸಿದರು. ಅಲ್ಲಿನ ತಂಡ ಅಂತಿಮ ಪಂದ್ಯದಲ್ಲಿ ಮತ್ತೆ ಸೋತಿತು, 3–0ರಿಂದ.

ಸತ್ತವರಲ್ಲಿ ಅನೇಕರು ಇಂದು ಆಡುವವರ ವಯಸ್ಸಿನವರೇ. ಕಳೆದುಹೋದ ತಾರುಣ್ಯದ ಬೆಲೆಯನ್ನು ತಾರುಣ್ಯವೇ ತನ್ನ ಮೈಯಲ್ಲಿ ಅರಿಯಬಲ್ಲದು. ಆ ಅರಿವನ್ನು ಹಿರಿಯರು ವರ್ಷವರ್ಷವೂ ಕಲಿಸುವವರೆಗೆ ಮಾತ್ರ ಈ ಕಪ್ ತನ್ನ ಹೆಸರಿಗೆ ಅರ್ಹವಾಗಿ ಉಳಿಯುವುದು.